ಓದುಗರ ಪ್ರಶ್ನೆ: ನೀಲಗಿರಿಯ ಗಾಲ್ಫ್ ಅಂಗಳ ಮತ್ತು ಕ್ಯಾಡಿಗಳ ಸೋಮವಾರ

ಊಟಿಯ ಹುಲ್ಲುಗಾವಲಿನಲ್ಲಿರುವ ನಮ್ಮ ಗಾಲ್ಫ್ ಕ್ಲಬ್ಬಿನ ಸ್ಪರ್ಧೆಗಳ ಉಸ್ತುವಾರಿ ಬಹಳ ಕಾಲದಿಂದ ನನ್ನ ಪಾಲಿಗೆ ಬಂದಿದೆ. ಚಹಾ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತನಾದ ಮೇಲೂ ಅದನ್ನು ಬಿಟ್ಟಿಲ್ಲ. ಗಾಲ್ಫ್ ಕುರಿತು ಬಂದ ಪತ್ರಗಳನ್ನು ಸಂಪಾದಕರು ಈ ಸಲ ನನಗೆ ಕಳುಹಿಸಿದ್ದಾರೆ. ಎಲ್ಲದಕ್ಕೂ ಒಂದೇ ಅಳತೆಯ ಉತ್ತರ ಬರೆಯಲು ಆಗಲಿಲ್ಲ. ತಾಳವಾಡಿಯ ಪತ್ರಕ್ಕೆ ಹೆಚ್ಚು ಜಾಗ ಬೇಕಾಗಿತ್ತು, ಅದನ್ನು ಕೊನೆಯಲ್ಲಿ ಇಟ್ಟುಕೊಂಡಿದ್ದೇನೆ.

ಬ್ಯಾಂಕಿನಲ್ಲಿರುವ ನನ್ನ ಮಗನಿಗೆ ಊಟಿಗೆ ವರ್ಗವಾಗಿದೆ. ಸಹೋದ್ಯೋಗಿಗಳು ಗಾಲ್ಫ್ ಕ್ಲಬ್ಬಿಗೆ ಕರೆಯುತ್ತಿದ್ದಾರೆ. ಅಲ್ಲಿ ವರ್ಷವಿಡೀ ಆಟ ಇರುತ್ತದೆಯೇ? ಯಾವ ತಿಂಗಳಲ್ಲಿ ಸೇರಿದರೆ ಒಳ್ಳೆಯದು? — ಓದುಗರು, ಗೂಡಲೂರು

ಜನವರಿ ಮುಗಿಯುವ ಹೊತ್ತಿಗೆ ಬರಲಿ. ಫೆಬ್ರುವರಿ, ಮಾರ್ಚ್ ಇಲ್ಲಿ ಆಟಕ್ಕೆ ಹೇಳಿ ಮಾಡಿಸಿದ ತಿಂಗಳುಗಳು. ನೆಲ ಒಣಗಿ ಗಟ್ಟಿಯಾಗಿರುತ್ತದೆ, ಬಿದ್ದ ಚೆಂಡು ಇನ್ನಷ್ಟು ದೂರ ಉರುಳುತ್ತದೆ, ಹೊಸಬರಿಗೆ ಹುರುಪು ಬರುತ್ತದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತೆಳು. ಅದೇ ಹೊಡೆತಕ್ಕೆ ಚೆಂಡು ಕರಾವಳಿಗಿಂತ ನೂರಕ್ಕೆ ಏಳೆಂಟು ಪಾಲು ಮುಂದೆ ಹೋಗುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ ಆಡಿ ಅಭ್ಯಾಸವಾದವರು ಇಲ್ಲಿಗೆ ಬಂದ ಮೊದಲ ದಿನ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ದಾಟಿಸಿ ಹೊಡೆದು, ಗೊರ್ಸ್ ಪೊದೆಯಲ್ಲಿ ಕೈ ತರಚಿಕೊಳ್ಳುತ್ತಾರೆ. ಗೊರ್ಸ್ ಎಂದರೆ ಹಳದಿ ಹೂ ಬಿಡುವ ಮುಳ್ಳಿನ ಪೊದೆ. ಯುರೋಪಿನಿಂದ ಬ್ರಿಟಿಷರ ಕಾಲದಲ್ಲಿ ಬಂದದ್ದು, ನಮ್ಮ ಮೂಲ ಹುಲ್ಲುಗಾವಲನ್ನು ನುಂಗುತ್ತಲೇ ಇದೆ. ಸ್ಕಾಟ್ಲೆಂಡಿನ ಅಂಗಳಗಳ ನೆನಪು ತರುತ್ತದೆ ಎಂದು ಅದನ್ನು ಮೆಚ್ಚುವ ಸದಸ್ಯರಿದ್ದಾರೆ. ನನ್ನ ಮಟ್ಟಿಗೆ ಅದು ಇಲ್ಲಿಂದ ತೊಲಗಬೇಕಾದ ಗಿಡ. ಚೆಂಡು ಅದರೊಳಗೆ ಹೋದರೆ ಹುಡುಕಲು ಮೂರೇ ನಿಮಿಷ. 2019ರವರೆಗೆ ಐದು ನಿಮಿಷ ಇತ್ತು.

ಜೂನ್ ನಂತರ ನಿಮ್ಮ ಗೂಡಲೂರಿನಷ್ಟು ಮಳೆ ಊಟಿಗೆ ಬರುವುದಿಲ್ಲ, ಆದರೆ ಮಂಜು ಬಿಡುವುದಿಲ್ಲ. ದಿಬ್ಬದ ಆಚೆ ಯಾರಿದ್ದಾರೆ ಎಂದು ಕಾಣದ ಕಡೆ ಒಂದು ಗಂಟೆ ತೂಗುಹಾಕಿದ್ದೇವೆ. ಮುಂದಿನ ತಂಡ ಗಂಟೆ ಬಾರಿಸಿದ ಮೇಲೆಯೇ ಹಿಂದಿನವರು ಹೊಡೆಯಬೇಕು. ಈ ತಿಂಗಳುಗಳಲ್ಲಿ ಹುಲ್ಲು ಕತ್ತರಿಸಿದ ನಡುದಾರಿಯಾದ ಫೇರ್‌ವೇ ಮೇಲೆ ಬಿದ್ದ ಚೆಂಡನ್ನು ಎತ್ತಿ, ಕೆಸರು ಒರೆಸಿ, ಹತ್ತಿರದಲ್ಲೇ ಇಟ್ಟು ಆಡಲು ಸ್ಥಳೀಯ ನಿಯಮ ಅವಕಾಶ ಕೊಡುತ್ತದೆ. ಅಕ್ಟೋಬರ್, ನವೆಂಬರ್ ಹಿಂಗಾರಿನ ಕಾಲ. ಕೂನೂರು ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದರೆ ಸ್ಪರ್ಧೆಯ ದಿನಾಂಕ ಮುಂದೆ ಹೋಗುತ್ತದೆ, ಅದರ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಮಾತ್ರ ನಿಮ್ಮ ಮಗ ಒಂದು ಶಿಸ್ತು ಕಲಿಯಬೇಕು. ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಬೆಳಿಗ್ಗೆ ಹುಲ್ಲು ಬೆಳ್ಳಗಿರುತ್ತದೆ. ಆಗ ಅದರ ಮೇಲೆ ಕಾಲಿಟ್ಟರೆ ಗರಿಯೊಳಗಿನ ಹೆಪ್ಪುಗಟ್ಟಿದ ಜೀವಕೋಶಗಳು ಒಡೆಯುತ್ತವೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೆಜ್ಜೆ ಹೆಜ್ಜೆಯೂ ಕಪ್ಪಗೆ ಮೂಡಿ ನಿಲ್ಲುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಆದ್ದರಿಂದ ಬಿಸಿಲು ಗ್ರೀನ್ ಮುಟ್ಟುವವರೆಗೆ ಎಲ್ಲರೂ ವರಾಂಡದಲ್ಲೇ ಕಾಯುತ್ತಾರೆ. ಎಷ್ಟು ದೊಡ್ಡ ಅಧಿಕಾರಿ ಬಂದರೂ ಈ ನಿಯಮವನ್ನು ನಾನು ಸಡಿಲಿಸಿಲ್ಲ. ಕ್ಲಬ್ಬಿನ ಪರಿಚಯ, ಸ್ನೇಹ, ಮಕ್ಕಳ ಮದುವೆಯ ಮಾತು ಎಲ್ಲವೂ ಆ ವರಾಂಡದಲ್ಲೇ ಬೆಳೆಯುತ್ತವೆ ಎನ್ನುವುದೂ ನಿಜ.

ಏಪ್ರಿಲ್, ಮೇ ನೆಂಟರ ತಿಂಗಳು. ರಜೆಗೆ ಬಂದ ಮಕ್ಕಳನ್ನು ಸೇರಿಸಿಕೊಂಡು ಇಬ್ಬರಿಗೆ ಒಂದೇ ಚೆಂಡು, ಸರದಿಯ ಹೊಡೆತ ಎನ್ನುವ ಜೋಡಿ ಆಟ ಇಡುತ್ತೇವೆ. ಮೈಸೂರಿನ ಸ್ನೇಹಿತರೂ ಬರುತ್ತಾರೆ. 2024ರ ಮೇ ತಿಂಗಳಿನಿಂದ ಅವರು ಇ-ಪಾಸ್ ಪಡೆದು ಬೆಟ್ಟ ಹತ್ತಬೇಕಾಗಿದೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಬಹುಮಾನ ವಿತರಣೆಯನ್ನು ನಾಲ್ಕೂವರೆಗೇ ಮುಗಿಸಿ, ಚಹಾ ಕುಡಿಸಿ, ಕಳುಹಿಸಿಬಿಡುತ್ತೇವೆ. ಭಾಷಣ ಮಾಡುವವರಿಗೆ ಅದರಿಂದ ಬೇಸರವಾಗಬಹುದು. ಆನೆಗಳ ದಾರಿ ಕಾಯ್ದುಕೊಳ್ಳುವುದು ಅದಕ್ಕಿಂತ ಮುಖ್ಯ.

ಆಟದ ನಡುವೆ ಕಾಟಿ ಬಂದರೆ ಏನು ಮಾಡುತ್ತೀರಿ? — ಓದುಗರು, ಕೂನೂರು

ಹಿಂದೆ ಸರಿದು ನಿಲ್ಲುತ್ತೇವೆ. ಕೂಗಬಾರದು, ಓಡಿಸಲು ಹೋಗಬಾರದು, ಫೋಟೊಗೆಂದು ಹತ್ತಿರ ಹೋಗುವುದಂತೂ ಬೇಡವೇ ಬೇಡ. ನಿಂತ ಚೆಂಡನ್ನು ಅದು ಕಾಲಿನಿಂದ ಸರಿಸಿದರೆ ದಂಡವಿಲ್ಲದೆ ಮೊದಲಿನ ಜಾಗದಲ್ಲಿ ಇಡಬಹುದು. ಅದು ಚೆಂಡಿನ ಪಕ್ಕದಲ್ಲೇ ಮೇಯುತ್ತಿದ್ದರೆ, ಅಪಾಯಕಾರಿ ಪ್ರಾಣಿಯ ನಿಯಮದಡಿ ಸುರಕ್ಷಿತ ಜಾಗದಿಂದ ದಂಡವಿಲ್ಲದೆ ಆಡಬಹುದು. ಮರಿಯಿರುವ ಹಿಂಡು ಬಂದ ದಿನ ಆ ಹೋಲ್ (ಒಂದು ಕುಳಿಯವರೆಗಿನ ಆಟದ ಭಾಗ) ಬಿಟ್ಟು ಮುಂದಕ್ಕೆ ಹೋಗುವುದೇ ನಮ್ಮ ಪದ್ಧತಿ.

ನನಗೆ 68 ವರ್ಷ. ಮೊಮ್ಮಗ ಬೆಂಗಳೂರಿನಲ್ಲಿ ಗಾಲ್ಫ್ ಆಡುತ್ತಾನೆ, ನನ್ನನ್ನೂ ಕರೆಯುತ್ತಾನೆ. ಇಪ್ಪತ್ತರ ಹುಡುಗನ ಜೊತೆ ನಾನು ಸಮನಾಗಿ ಆಡುವುದು ಹೇಗೆ? ಹ್ಯಾಂಡಿಕ್ಯಾಪ್ ಎನ್ನುತ್ತಾನೆ, ಅರ್ಥವಾಗಲಿಲ್ಲ. — ನಿವೃತ್ತ ನೌಕರರು, ಹೊಸೂರು

ಸಮನಾಗಿ ಆಡಬಹುದು, ಗೆಲ್ಲಲೂಬಹುದು. ಪಾರ್ 70ರ ಅಂಗಳ, ಎಂದರೆ ನುರಿತ ಆಟಗಾರ 70 ಹೊಡೆತದಲ್ಲಿ ಮುಗಿಸಬೇಕಾದದ್ದು, ಎಂದಿಟ್ಟುಕೊಳ್ಳಿ. ಒಟ್ಟು ಹೊಡೆತದಿಂದ ಕಳೆಯುವ ರಿಯಾಯಿತಿಯೇ ಹ್ಯಾಂಡಿಕ್ಯಾಪ್. ನಿಮಗೆ ಸಿಗುವ ರಿಯಾಯಿತಿ 28 ಹೊಡೆತ, ಮೊಮ್ಮಗನಿಗೆ 8. ನೀವು 96 ಹೊಡೆತದಲ್ಲಿ ಮುಗಿಸಿದರೆ ನಿವ್ವಳ 68. ಅವನು 79ರಲ್ಲಿ ಮುಗಿಸಿದರೆ ನಿವ್ವಳ 71. ಆ ದಿನದ ಬಹುಮಾನ ತಾತನದು.

ಈ ರಿಯಾಯಿತಿಯನ್ನು ಯಾರೂ ದಾಕ್ಷಿಣ್ಯಕ್ಕೆ ಕೊಡುವುದಿಲ್ಲ. ಮೊದಲು ಹೊಡೆತಗಳ ಲೆಕ್ಕ ಬರೆದ, ಒಟ್ಟು 54 ಹೋಲ್‌ಗಳ ಕಾರ್ಡು ಸಲ್ಲಿಸಬೇಕು. ಆಮೇಲೆ ಕಾರ್ಡುಗಳು ಕೂಡುತ್ತಾ ಹೋದಂತೆ, ಇತ್ತೀಚಿನ 20 ಸುತ್ತುಗಳಲ್ಲಿ ನಿಮ್ಮ ಉತ್ತಮ ಎಂಟರ ಸರಾಸರಿಯ ಮೇಲೆ ಲೆಕ್ಕ ನಿಲ್ಲುತ್ತದೆ. ಹ್ಯಾಂಡಿಕ್ಯಾಪಿನ ಗರಿಷ್ಠ ಮಿತಿ 54. 2020ರಲ್ಲಿ ಬಂದ ಜಾಗತಿಕ ಪದ್ಧತಿ ಇದು. ಅದಕ್ಕೂ ಮೊದಲು ದೇಶದೇಶಕ್ಕೆ ಬೇರೆ ಬೇರೆ ಲೆಕ್ಕಗಳಿದ್ದವು. ಒಂದೇ ಹೋಲಿನಲ್ಲಿ ಹತ್ತು ಹೊಡೆತ ಹೋಯಿತೆಂದು ಎದೆಗುಂದಬೇಡಿ, ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಅಂಥ ಹೋಲಿಗೆ ಒಂದು ಮಿತಿ ಇದೆ. ಹೊಸಬರಿಗೆ ನಾನು ಸ್ಟೇಬಲ್‌ಫರ್ಡ್ ಪದ್ಧತಿಯನ್ನೇ ಹೇಳುವುದು. ಅದರಲ್ಲಿ ರಿಯಾಯಿತಿ ಕಳೆದು ಪಾರ್ ಬಂದರೆ ಎರಡು ಅಂಕ, ಒಂದು ಹೆಚ್ಚಾದರೆ ಒಂದು ಅಂಕ, ಅದಕ್ಕೂ ಮೇಲೆ ಸೊನ್ನೆ. ಸೊನ್ನೆ ಖಾತ್ರಿಯಾದ ಕೂಡಲೇ ಚೆಂಡನ್ನು ಜೇಬಿಗೆ ಹಾಕಿಕೊಂಡು ಮುಂದಿನ ಹೋಲಿಗೆ ಹೊರಡಿ. ಹಿಂದೆ ಕಾಯುವವರು ಹರಸುತ್ತಾರೆ.

ಇಡೀ ವ್ಯವಸ್ಥೆ ನಿಂತಿರುವುದು ಕಾರ್ಡಿನ ಸತ್ಯದ ಮೇಲೆ. ಬಹುಮಾನದ ಆಸೆಗೆ ಕೆಟ್ಟ ಕಾರ್ಡುಗಳನ್ನು ಮಾತ್ರ ಕೊಟ್ಟು ರಿಯಾಯಿತಿ ಹೆಚ್ಚಿಸಿಕೊಳ್ಳುವವರು ಇದ್ದಾರೆ. ಒಂದು ಕ್ಲಬ್ಬಿನಲ್ಲಿ ಇಂಥವರನ್ನು ಸಮಿತಿ ಕಂಡೂ ಕಾಣದಂತೆ ಬಿಟ್ಟಿತು. ಮೂರ್ನಾಲ್ಕು ವರ್ಷಗಳಲ್ಲಿ ವಾರದ ಸ್ಪರ್ಧೆಗೆ ಹೆಸರು ಕೊಡುವವರೇ ಕಡಿಮೆಯಾದರು. ಲೆಕ್ಕಪತ್ರದವನಾದ ನನಗೆ ಇದು ಸಣ್ಣ ವಿಷಯವಲ್ಲ. ಆಡಿದ ಸುತ್ತಿನ ಕಾರ್ಡು ಆ ದಿನವೇ ಪೆಟ್ಟಿಗೆಗೆ ಬೀಳಬೇಕು, ಚೆನ್ನಾಗಿದ್ದರೂ ಬೀಳಬೇಕು, ಕೆಟ್ಟದಾಗಿದ್ದರೂ ಬೀಳಬೇಕು.

ಗೆಳೆಯನೊಬ್ಬ ಒಂದೇ ಹೊಡೆತಕ್ಕೆ ಚೆಂಡನ್ನು ಹೋಲಿಗೆ ಹಾಕಿ ಸ್ಕೂಟರ್ ಗೆದ್ದಿದ್ದಾನೆ. ಅವನ ಹವ್ಯಾಸಿ ಸ್ಥಾನ ಹೋಗುತ್ತದೆಯೇ? — ಓದುಗರು, ಕೋಟಗಿರಿ

ಇಲ್ಲ. 2022ರ ನಿಯಮದಂತೆ ಹವ್ಯಾಸಿಯ ಬಹುಮಾನದ ಮಿತಿ 700 ಪೌಂಡ್ ಅಥವಾ 1,000 ಡಾಲರ್. ಕನಿಷ್ಠ 50 ಗಜದಿಂದ ಒಂದೇ ಹೊಡೆತಕ್ಕೆ ಹೋಲಿಗೆ ಹಾಕಿದ್ದಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಆದರೆ ಹ್ಯಾಂಡಿಕ್ಯಾಪ್ ಸ್ಪರ್ಧೆಯಲ್ಲಿ ನಗದು ಬಹುಮಾನ ಮುಟ್ಟಬಾರದು, ಎಷ್ಟೇ ಸಣ್ಣ ಮೊತ್ತವಾಗಲಿ.

ನಾದಿನಿಯ ಮಗ ಊಟಿಯ ಕಡೆ ಕ್ಲಬ್ಬೊಂದರಲ್ಲಿ ಕ್ಯಾಡಿಯಾಗಿದ್ದಾನೆ. ವಯಸ್ಸು ಹತ್ತೊಂಬತ್ತು. ಚೀಲ ಹೊರುವ ಕೆಲಸ ಎಂದು ಮನೆಯಲ್ಲಿ ಎಲ್ಲರೂ ಹಳಿಯುತ್ತಾರೆ. ಅವನು ತಾನೂ ಚೆನ್ನಾಗಿ ಆಡುತ್ತೇನೆ ಎನ್ನುತ್ತಾನೆ. ಇದರಲ್ಲಿ ಬದುಕಿದೆಯೇ? ಬಿಡಿಸಿ ಊರಿಗೆ ಕರೆಸಿಕೊಳ್ಳಲೇ? — ಗೃಹಿಣಿ, ತಾಳವಾಡಿ

ತಾಯಿ, ಕರೆಸಿಕೊಳ್ಳುವ ಮೊದಲು ಒಂದು ದಿನ ಇಲ್ಲಿಗೆ ಬಂದು ಅವನ ಕೆಲಸ ನೋಡಿ.

ನಮ್ಮ ಒಂದು ಗ್ರೀನ್ ಕಣ್ಣಿಗೆ ಎಡಕ್ಕೆ ಇಳಿಜಾರಾಗಿ ಕಾಣುತ್ತದೆ. ಹಿಂದಿರುವ ಗುಡ್ಡದ ಏರು ಕಣ್ಣನ್ನು ಹಾಗೆ ಎಳೆಯುತ್ತದೆ. ಚೆಂಡು ನಿಜವಾಗಿ ತಿರುಗುವುದು ಬಲಕ್ಕೆ. ದುಬಾರಿ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲು) ಹಿಡಿದು ಬಂದವರೆಲ್ಲ ಅಲ್ಲಿ ತಪ್ಪುತ್ತಾರೆ. ಕ್ಯಾಡಿ ಕುಳಿತು ನೋಡುವುದೂ ಇಲ್ಲ. ಹೋಲಿನವರೆಗೆ ನಡೆದು ಬರುವಾಗಲೇ ಅಂಗಾಲಿನಲ್ಲಿ ನೆಲದ ಓರೆಯನ್ನು ತಿಳಿದುಕೊಂಡಿರುತ್ತಾನೆ. "ಎಡಕ್ಕೆ ಒಂದು ಗೇಣು, ಮೆಲ್ಲಗೆ" ಎನ್ನುತ್ತಾನೆ. 108 ಮಿಲಿಮೀಟರ್ ಅಗಲದ ಕುಳಿ ಅದು. ಅವನ ಮಾತು ಕೇಳಿದವನ ಚೆಂಡು ಒಳಗೆ ಬೀಳುತ್ತದೆ. ಇಂಥ ಜ್ಞಾನ ಚೀಲ ಹೊರುವವನಿಗಷ್ಟೇ ಬರುವಂಥದ್ದು. ಹದಿನಾಲ್ಕು ಕೋಲುಗಳ ಚೀಲ ಹೊತ್ತು ಏರುತಗ್ಗಿನಲ್ಲಿ ಹದಿನೆಂಟು ಹೋಲ್ ನಡೆಯುವುದು ಹೇಳುವಷ್ಟು ಸುಲಭವೂ ಅಲ್ಲ. ಬೆಳಗಿನ ಹೊತ್ತು ಉದ್ದ ಬಿದಿರಿನ ಗಳ ಹಿಡಿದು ಗ್ರೀನ್ ಮೇಲಿನ ಇಬ್ಬನಿಯನ್ನು ಸವರಿ ಕೆಡವುವ ಕೆಲಸಗಾರರಲ್ಲಿ ಕ್ಯಾಡಿಗಳ ಅಪ್ಪಂದಿರು, ಅಣ್ಣಂದಿರು ಇರುತ್ತಾರೆ. ಹಾಗೆ ಸವರದಿದ್ದರೆ ತೇವ ನಿಂತು ಹುಲ್ಲಿಗೆ ಶಿಲೀಂಧ್ರ ರೋಗ ತಗಲುತ್ತದೆ. ಬಡಗ, ತಮಿಳು, ಕನ್ನಡ ಮೂರೂ ಬೆರೆತ ಅವರ ಮಾತು ಕೇಳುತ್ತಾ ನಾನು ಈ ಅಂಗಳವನ್ನು ಕಲಿತದ್ದು.

ಮನೆಯವರಿಗೆ ಎರಡು ಹೆಸರು ಹೇಳಿ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಭಾರತದ ವೃತ್ತಿಪರ ಆಟಗಾರರಲ್ಲಿ ಅದನ್ನು ಗೆದ್ದವರಲ್ಲಿ ಅವರೇ ಮೊದಲಿಗರು, 1993ರಲ್ಲಿ ಮತ್ತೆ ಗೆದ್ದರು. ನಮ್ಮ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಅದೇ ಪ್ರಶಸ್ತಿ ಎತ್ತಿಹಿಡಿದರು. ಇಂಥವರು ಬೆರಳೆಣಿಕೆ ಎನ್ನುವುದನ್ನೂ ಹೇಳಲೇಬೇಕು. ಹುಡುಗ ಅದೊಂದನ್ನೇ ನಂಬಿ ಕೂರಬಾರದು. ಮಂಜು, ಮಳೆ, ಹೆಪ್ಪಿನ ದಿನಗಳಲ್ಲಿ ಆಟವಿಲ್ಲ, ಆಟವಿಲ್ಲದ ದಿನ ಕೂಲಿಯೂ ಇಲ್ಲ. ಅದಕ್ಕಾಗಿಯೇ ನಮ್ಮಲ್ಲಿ ಪ್ರತಿ ಸುತ್ತಿಗೂ ಸದಸ್ಯರಿಂದ ಒಂದು ಸಣ್ಣ ಮೊತ್ತ ತೆಗೆದು ಕ್ಯಾಡಿಗಳ ನಿಧಿಗೆ ಹಾಕುತ್ತೇವೆ. ಮಕ್ಕಳ ಶಾಲಾ ಶುಲ್ಕವೂ ಅದರಿಂದ ಹೋಗುತ್ತದೆ. ಅವನ ಕ್ಲಬ್ಬಿನಲ್ಲಿ ಅಂಥ ನಿಧಿ ಇದೆಯೇ ಎಂದು ಮೊದಲು ವಿಚಾರಿಸಿ. ಮಳೆಗಾಲದಲ್ಲಿ ಹುಲ್ಲಿನ ನಿರ್ವಹಣೆ ಕಲಿಯಲಿ: ಕತ್ತರಿಸುವ ಯಂತ್ರ, ನೀರಾವರಿ, ಗೊಬ್ಬರ, ರೋಗ. ಆ ಕೆಲಸ ಬಲ್ಲವರಿಗೆ ದೊಡ್ಡ ಊರುಗಳ ಅಂಗಳಗಳಲ್ಲೂ ಬೇಡಿಕೆ ಇದೆ. ಕಲಿಸುವ ಗುಣವಿದ್ದರೆ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ನಡೆಸುವ ಬೋಧಕರ ತರಬೇತಿಯೂ ಇದೆ.

ಆಟದ ಮಾತಿಗೆ ಬರುತ್ತೇನೆ. ಕೂಲಿಗೆ ಚೀಲ ಹೊತ್ತ ಮಾತ್ರಕ್ಕೆ ಯಾರೂ ವೃತ್ತಿಪರ ಆಟಗಾರರಾಗುವುದಿಲ್ಲ. ನಿಮ್ಮ ಹುಡುಗ ನಿಯಮದ ಪ್ರಕಾರ ಹವ್ಯಾಸಿಯೇ, ಹ್ಯಾಂಡಿಕ್ಯಾಪ್ ಪಡೆಯಬಹುದು. ನಮ್ಮಲ್ಲಿ ಸೋಮವಾರ ಸದಸ್ಯರಿಗೆ ಅಂಗಳ ಮುಚ್ಚಿರುತ್ತದೆ, ಕ್ಯಾಡಿಗಳಿಗೆ ತೆರೆದಿರುತ್ತದೆ. ವರ್ಷಕ್ಕೊಮ್ಮೆ ಕ್ಯಾಡಿಗಳ ಸ್ಪರ್ಧೆ ನಡೆಯುತ್ತದೆ. ಆ ದಿನ ಸದಸ್ಯರೇ ಚೀಲ ಹೊರುತ್ತಾರೆ, ಊಟ ಬಡಿಸುತ್ತಾರೆ. ವರ್ಷದ ಎಲ್ಲ ಸ್ಪರ್ಧೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ಅದರ ದಿನಾಂಕ ಸದಸ್ಯರ ಸ್ಪರ್ಧೆಗಳ ಜೊತೆಗೇ ಮುದ್ರಿತ ಕ್ಯಾಲೆಂಡರಿನಲ್ಲಿ ಇರಬೇಕು, ಗೆದ್ದವನ ಹೆಸರು ಸಭಾಂಗಣದ ಮರದ ಫಲಕದ ಮೇಲೆ ಬರಬೇಕು ಎಂದು ಸಮಿತಿಯಲ್ಲಿ ಬಹಳ ಸಲ ವಾದಿಸಿದ್ದೇನೆ. ಕ್ಯಾಲೆಂಡರಿನಲ್ಲಿ ಬಂತು. ಫಲಕದ ಮಾತು ಇನ್ನೂ ನಡೆಯುತ್ತಿದೆ, ನಾನು ಬಿಡುವುದಿಲ್ಲ.

ಈಗ ಅವನು ಮಾಡಬೇಕಾದದ್ದು ಇಷ್ಟು. ಮೂರು ಸೋಮವಾರ ಪೂರ್ತಿ ಹದಿನೆಂಟು ಹೋಲ್ ಆಡಿ ಕಾರ್ಡು ಬರೆಯಲಿ, ಜೊತೆಗೆ ಆಡಿದವರ ಸಹಿ ಹಾಕಿಸಲಿ. 54 ಹೋಲ್ ಆಗುತ್ತದೆ. ಅದನ್ನು ತನ್ನ ಕ್ಲಬ್ಬಿನ ಕಾರ್ಯದರ್ಶಿಗೆ ಕೊಟ್ಟು ಹ್ಯಾಂಡಿಕ್ಯಾಪ್ ಕೇಳಲಿ. ಅಂಕಿ ಸೊನ್ನೆಯ ಹತ್ತಿರ ಬಂದು ಒಂದೆರಡು ವರ್ಷ ಅಲ್ಲೇ ನಿಂತರೆ, ಆಗ ವೃತ್ತಿಪರ ಟೂರಿನ ಅರ್ಹತಾ ಸುತ್ತಿನ ಯೋಚನೆ ಮಾಡೋಣ. ಅದಕ್ಕೆ ಪ್ರವೇಶ ಶುಲ್ಕ, ಪ್ರಯಾಣದ ಖರ್ಚು ಇದೆ, ಪ್ರಾಯೋಜಕರನ್ನು ಹುಡುಕುವ ಹೊಣೆ ನಮ್ಮಂಥವರದು. ಅವನ ಕ್ಲಬ್ಬಿನಲ್ಲಿ ಕ್ಯಾಡಿಗಳ ಕಾರ್ಡು ತೆಗೆದುಕೊಳ್ಳುವುದಿಲ್ಲ ಎಂದರೆ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಸೋಮವಾರ ಬೆಳಿಗ್ಗೆ ಅವನನ್ನು ನಮ್ಮ ಅಂಗಳಕ್ಕೆ ಕರೆಸಿಕೊಂಡು, ಜೊತೆಯಲ್ಲಿ ನಡೆದು, ಕಾರ್ಡಿಗೆ ನಾನೇ ಸಹಿ ಹಾಕುತ್ತೇನೆ.