ತೂಕ ಮಾಯ, ಫೈಲ್ ಮಾತ್ರ ದಪ್ಪ

ಪ್ರಶ್ನೆ: ಅಡಿಕೆ ವ್ಯಾಪಾರದ ಲೆಕ್ಕಕ್ಕೆ ಝೋಪ್‌ನಲ್ಲಿ (ಪೈಥಾನ್ ಭಾಷೆಯ ವೆಬ್ ಸರ್ವರ್ ತಂತ್ರಾಂಶ) ವೆಬ್ ಆ್ಯಪ್ ಮಾಡಿದ್ದೇವೆ. ರೈತರ ಖಾತೆಗೆ ಸೇರಿಸಿದ ತೂಕ ಪರದೆಯಲ್ಲಿ ಕಾಣುತ್ತದೆ. ಸರ್ವರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಇರುವುದಿಲ್ಲ. ದತ್ತಾಂಶವೆಲ್ಲ ಇರುವ ಡೇಟಾ.ಎಫ್‌ಎಸ್ ಫೈಲ್ ಮಾತ್ರ ಬೆಳೆಯುತ್ತಲೇ ಇದೆ. ಏನು ಮಾಡಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ತೂಕಗಳನ್ನು ಪೈಥಾನ್‌ನ ಸಾದಾ ಲಿಸ್ಟ್‌ನಲ್ಲಿ ಇಟ್ಟಿರುವಂತಿದೆ. ಖಾತೆಯ ಆಟ್ರಿಬ್ಯೂಟ್‌ಗೆ ಹೊಸದಾಗಿ ಏನಾದರೂ ಕೊಟ್ಟರಷ್ಟೇ ಝೋಪ್‌ನ ಡೇಟಾಬೇಸ್ ಆದ ಝಡ್‌ಒಡಿಬಿಗೆ ಬದಲಾವಣೆ ಗೊತ್ತಾಗುತ್ತದೆ. ಒಳಗಿನ ಲಿಸ್ಟ್‌ಗೆ ಅಪೆಂಡ್ ಮಾಡಿದ್ದು (ಕೊನೆಗೆ ಸೇರಿಸಿದ್ದು) ಗೊತ್ತಾಗುವುದಿಲ್ಲ. ಕ್ಯಾಶ್‌ನಲ್ಲಿ ಇರುವಷ್ಟು ಹೊತ್ತು ಕಾಣುತ್ತದೆ, ಡಿಸ್ಕ್‌ಗೆ ಇಳಿದಿರುವುದಿಲ್ಲ. ಹಳೆಯ ಲಿಸ್ಟ್‌ಗಳನ್ನೆಲ್ಲ ಒಮ್ಮೆ ಪರ್ಸಿಸ್ಟೆಂಟ್‌ಲಿಸ್ಟ್‌ಗೆ (ತನ್ನ ಬದಲಾವಣೆಯನ್ನು ತಾನೇ ಡೇಟಾಬೇಸ್‌ಗೆ ತಿಳಿಸುವ ಲಿಸ್ಟ್) ಬದಲಿಸಿ, ಕಮಿಟ್ ಮಾಡಿ, ಅಂದರೆ ಡಿಸ್ಕ್‌ಗೆ ಉಳಿಸಿ. ಸಾವಿರಾರು ನಮೂದುಗಳಿದ್ದರೆ, ನಮೂದುಗಳನ್ನು ಬಕೆಟ್ ಎಂಬ ಸಣ್ಣ ಸಣ್ಣ ಭಾಗಗಳಲ್ಲಿ ಇಡುವ ಬಿಟ್ರೀಯೇ ಸರಿ: ಒಂದು ತೂಕ ಸೇರಿಸಿದರೆ ಇಡೀ ಪಟ್ಟಿ ಬರೆಯುವ ಬದಲು ಒಂದು ಬಕೆಟ್ ಮಾತ್ರ ಬರೆಯುತ್ತದೆ, ಇಬ್ಬರು ಏಕಕಾಲಕ್ಕೆ ನಮೂದಿಸಿದಾಗಿನ ಕಾನ್‌ಫ್ಲಿಕ್ಟ್ ಎರರ್ (ಬದಲಾವಣೆಗಳ ಘರ್ಷಣೆ) ಕೂಡ ಕಡಿಮೆ. ಈಗಾಗಲೇ ಹೋದ ತೂಕ ಫೈಲ್‌ನಲ್ಲಿ ಸಿಗುವುದಿಲ್ಲ. ಪಟ್ಟಿ ಚೀಟಿ ನೋಡಿ ಮತ್ತೆ ನಮೂದಿಸಬೇಕು.

ಫೈಲ್ ಬೆಳೆಯುವುದು ಸಹಜ, ಪ್ರತಿ ಕಮಿಟ್‌ನಲ್ಲೂ ಹೊಸ ಪ್ರತಿ ಕೊನೆಗೆ ಸೇರುತ್ತದೆ. ಝೋಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 7 ದಿನ ಎಂದು ಕೊಟ್ಟು ಪ್ಯಾಕ್ ಮಾಡಿ, ಅಂದರೆ ಅದಕ್ಕಿಂತ ಹಳೆಯ, ಬೇಡದ ಪ್ರತಿಗಳನ್ನು ತೆಗೆಸಿ. ಮೊದಲು ರೆಪೋಝೋ ಎಂಬ ಝಡ್‌ಒಡಿಬಿಯ ಬ್ಯಾಕಪ್ ಸಾಧನದಿಂದ ಬ್ಯಾಕಪ್ ತೆಗೆದುಕೊಳ್ಳಿ, ಡಿಸ್ಕ್‌ನಲ್ಲಿ ಫೈಲ್‌ನಷ್ಟೇ ಖಾಲಿ ಜಾಗ ಇರಲಿ. ಪ್ಯಾಕ್ ತೆಗೆದುಹಾಕಿದ ಹಳೆಯ ಬದಲಾವಣೆಗಳನ್ನು ಅನ್‌ಡು ಮಾಡಲು ಬರುವುದಿಲ್ಲ.