ಪೇಶಂಟ್ ಸಹಕರಿಸಲಿಲ್ಲವಂತೆ

ಈ ಪತ್ರ ಬಂದು ಎಂಟು ದಿನ ಆಯ್ತು. ಮೊದಲ ಸಲ ಓದಿದಾಗ ಸಿಟ್ಟು ಬಂತು, ಮಡಚಿ ಇಟ್ಟೆ. ಎರಡನೇ ಸಲ ಓದಿದಾಗ ನನ್ನ ಮೇಲೇ ಸಿಟ್ಟು ಬಂತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬರೆದವರು ಶಿರಸಿ ಕಡೆಯವರು. ತೋಟದ ಮನೆ, ವಯಸ್ಸು 54. ಮುಟ್ಟು ನಿಂತು ಮೂರು ವರ್ಷ ಆಗಿತ್ತು. ಚೌತಿ ಹಬ್ಬದ ಹಿಂದಿನ ವಾರ ಸೀರೆಗೆ ಕಲೆ ಕಂಡಿತು. ಹಬ್ಬದ ಅಡುಗೆ, ನೆಂಟರು ಅಂತ ಸುಮ್ಮನಿದ್ದರು. ನವರಾತ್ರಿಯಲ್ಲಿ ಮತ್ತೆ ಕಂಡಿತು. ಪೇಟೆಯ ಆಸ್ಪತ್ರೆಗೆ ಹೋದರು, ಸ್ಕ್ಯಾನಿಂಗ್ ಆಯ್ತು. ಗರ್ಭಕೋಶದ ಒಳಪದರ 9 ಮಿಲಿಮೀಟರ್ ದಪ್ಪ ಇದೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಅಲ್ಲೇ ಮಲಗಿಸಿ, ನೋವಿಗೆ ಏನೂ ಕೊಡದೆ, ನಳಿಗೆ ಹಾಕಲು ನೋಡಿದರು. ಇವರು ಕೂಗಿಕೊಂಡರು. ಬೆವರಿ ಮೈಯೆಲ್ಲ ತಣ್ಣಗಾಯಿತು, ಕಣ್ಣಿಗೆ ಕತ್ತಲೆ ಬಂತು. ಡಾಕ್ಟರು ಅಲ್ಲಿಗೇ ಬಿಟ್ಟು ಚೀಟಿಯಲ್ಲಿ ಒಂದು ಸಾಲು ಬರೆದರು: ‘ಪೇಶಂಟ್ ಸಹಕರಿಸಲಿಲ್ಲ.’ ಈಗ ಹಿಸ್ಟರೋಸ್ಕೋಪಿ ಮಾಡಿಸಬೇಕಂತೆ, ಅಂದರೆ ಗರ್ಭಕೋಶದ ಒಳಗೆ ಸಣ್ಣ ಕ್ಯಾಮೆರಾ ಬಿಟ್ಟು, ನೋಡಿಕೊಂಡೇ ಚೂರು ತೆಗೆಯುವುದು. ಎರಡು ಸಲ ತಾರೀಕು ತಗೊಂಡಿದ್ದಾರೆ, ಎರಡು ಸಲವೂ ಹೋಗಲಿಲ್ಲ. ಮನೆಯಲ್ಲಿ ‘ಡಾಕ್ಟರು ರಜೆಯಂತೆ’ ಅಂತ ಸುಳ್ಳು ಹೇಳಿದ್ದಾರೆ. ಈಗ ಅಡಿಕೆಯ ಕೊನೆಕೊಯ್ಲು ಶುರುವಾಗಿದೆ, ಅದೊಂದು ಮುಗಿಯಲಿ ಅಂತ ಕೂತಿದ್ದಾರೆ.

ಪತ್ರದ ಕೊನೆ ಹೀಗಿದೆ: “ಅಕ್ಕಾ, ಧೈರ್ಯ ತಂದುಕೊಳ್ಳುವುದು ಹೇಗೆ ಅಂತ ಹೇಳಿ. ಹೋದ ವರ್ಷ ನಮ್ಮವರ ಕಾಲಿಗೆ ಕತ್ತಿ ತಾಗಿ ಆರು ಹೊಲಿಗೆ ಬಿದ್ದಾಗ ಪಕ್ಕದಲ್ಲಿ ನಿಂತು ನೋಡಿದವಳು ನಾನು, ಪುಕ್ಕಲಿ ಅಲ್ಲ. ನಮ್ಮ ಅತ್ತಿಗೆ ನಾಲ್ಕು ಮಕ್ಕಳನ್ನು ಮನೆಯಲ್ಲೇ ಹೆತ್ತವರು, ಒಂದು ನಳಿಗೆಗೆ ಇಷ್ಟು ರಂಪವಾ ಅಂತ ನಗುತ್ತಾರೆ. ನನ್ನವೆರಡೂ ತಾರೀಕು ನೋಡಿ ಆಪರೇಷನ್ ಮಾಡಿಸಿಕೊಂಡದ್ದು. ಹಾಗಾಗಿ ನನಗೆ ನೋವು ಅಂದರೇನು ಅಂತ ಗೊತ್ತೇ ಇಲ್ಲವೇನೋ.”

ತಂಗೀ, ನಾಲ್ಕು ಪುಟ ಬರೆದಿದ್ದೀರಿ. ಅದರಲ್ಲಿ ನಾಚಿಕೊಂಡು, ಕೊನೆಗೆ, ಅತ್ತಿಗೆಯ ಬಾಲಕ್ಕೆ ಕಟ್ಟಿದ ಹಾಗೆ ಬರೆದಿರಲ್ಲ, ‘ನನ್ನವೆರಡೂ ಆಪರೇಷನ್’ ಅಂತ, ಡಾಕ್ಟರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಿದ್ದ ಸಾಲು ಅದು. ಅವರೂ ಕೇಳಬೇಕಿತ್ತು.

ಗರ್ಭಕೋಶಕ್ಕೆ ಒಂದು ಬಾಯಿ ಇದೆ. ಸಹಜ ಹೆರಿಗೆಯಲ್ಲಿ ಅದು 10 ಸೆಂಟಿಮೀಟರ್‌ವರೆಗೆ ತೆರೆದುಕೊಳ್ಳುತ್ತದೆ. ಆಮೇಲೆ ಮುಚ್ಚಿದರೂ ಮೊದಲಿನ ಬಿಗಿ ಇರುವುದಿಲ್ಲ. ನಿಮ್ಮ ಅತ್ತಿಗೆಗೆ ಅದು ನಾಲ್ಕು ಸಲ ತೆರೆದಿದೆ. ನಿಮಗೆ ಒಂದು ಸಲವೂ ತೆರೆದಿಲ್ಲ, ಮಕ್ಕಳು ಹೊಟ್ಟೆಯ ಮೇಲಿನಿಂದ ಬಂದವು. ಮೇಲಿಂದ ಮುಟ್ಟು ನಿಂತಿದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಕಡಿಮೆಯಾಗಿ ಆ ಜಾಗ ಒಣಗುತ್ತದೆ, ಬಾಯಿ ಇನ್ನೂ ಕಿರಿದಾಗುತ್ತದೆ. ಅತ್ತಿಗೆಯದು ಹೆಬ್ಬಾಗಿಲು, ನಿಮ್ಮದು ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಂಡ ಅಟ್ಟದ ಬಾಗಿಲು. ಎರಡಕ್ಕೂ ಒಂದೇ ಸಮ ತಳ್ಳಿದರೆ? ನಳಿಗೆ 3 ಮಿಲಿಮೀಟರೇ ಇರಬಹುದು, ಹೋಗುವ ದಾರಿ ಅಷ್ಟೂ ಇಲ್ಲದಿದ್ದರೆ ಅದು ಒನಕೆಯೇ. ಸಹಜ ಹೆರಿಗೆ ಆಗದವರಿಗೆ, ಮುಟ್ಟು ನಿಂತವರಿಗೆ ಈ ಪರೀಕ್ಷೆಯಲ್ಲಿ ನೋವು ಜಾಸ್ತಿ ಆಗುವ ಸಂಭವ ಇದೆ ಅನ್ನೋದು ಸ್ತ್ರೀರೋಗ ತಜ್ಞರಿಗೆಲ್ಲ ಗೊತ್ತಿರುವ ವಿಷಯ. ಇನ್ನು ಬೆವರಿ ಕಣ್ಣು ಕತ್ತಲೆ ಬಂದದ್ದು: ಆ ಬಾಯಿಯನ್ನು ಎಳೆದಾಗ, ಚುಚ್ಚಿದಾಗ ಕೆಲವರಿಗೆ ನಾಡಿ ಒಮ್ಮೆಲೇ ಇಳಿಯುತ್ತದೆ, ಬಿ.ಪಿ. ಬೀಳುತ್ತದೆ. ಅದಕ್ಕೂ ಧೈರ್ಯಕ್ಕೂ ಸಂಬಂಧವೇ ಇಲ್ಲ. ಪೈಲ್ವಾನನಿಗೂ ಸೂಜಿ ಕಂಡು ತಲೆ ತಿರುಗುವುದುಂಟು.

ನಿಮ್ಮ ಅತ್ತಿಗೆಯನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ನಾಲ್ಕು ಹೆತ್ತದ್ದನ್ನು ಐವತ್ತು ವರ್ಷ ಬಡಿಸುವ ಇಂಥವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರ ಹೆರಿಗೆಯಲ್ಲಿ ಅವರು ಎಷ್ಟು ಕೂಗಿದ್ದರು ಅಂತ ಕೇಳೋಣ ಅಂದರೆ ಸೂಲಗಿತ್ತಿ ಬದುಕಿರುವುದಿಲ್ಲ. ನಿಮ್ಮ ಯಜಮಾನರ ಬಗ್ಗೆ ನನಗೆ ತಕರಾರಿಲ್ಲ. ಪಾಪ, ಎರಡು ಸಲವೂ ಕಾರು ತೊಳೆದು ತಯಾರಾಗಿದ್ದರಂತೆ. ನೋವಿನ ವಿಷಯ ಅವರಿಗೆ ನೀವು ಹೇಳೇ ಇಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ಡಾಕ್ಟರಿಗೂ ಒಂದು ಅಂಕ ಕೊಡುತ್ತೇನೆ, ನೀವು ಕೂಗಿದಾಗ ಕೈ ನಿಲ್ಲಿಸಿದರಲ್ಲ, ಅದಕ್ಕೆ. ಆದರೆ ಆ ಚೀಟಿ ಬರೆದದ್ದಕ್ಕೆ ಅದನ್ನು ವಾಪಸು ತಗೊಳ್ಳುತ್ತೇನೆ.

ಈಗ ನನ್ನ ಮೇಲಿನ ಸಿಟ್ಟಿನ ಕತೆ. ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು ಅಂತ ಈ ಅಂಕಣ ಓದುವವರಿಗೆ ಗೊತ್ತು. ಆಸ್ಪತ್ರೆಯಲ್ಲಿ ‘ಸ್ವಲ್ಪ’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ ಅಂತಲೂ ಗೊತ್ತು. ಸ್ವಲ್ಪ ಕೂತಿರಿ, ಸ್ವಲ್ಪ ಖರ್ಚಾಗುತ್ತೆ, ಸ್ವಲ್ಪ ಚುಚ್ಚಿದ ಹಾಗಾಗುತ್ತೆ. ಇದನ್ನು ಅತಿ ಹೆಚ್ಚು ಹೇಳಿದವಳು ನಾನೇ. ಮೊಣಕಾಲು ಹಿಡಿದುಕೊಂಡು ‘ಸ್ವಲ್ಪ ತಡ್ಕೊಳ್ಳಿ, ಆಯ್ತು, ಆಯ್ತು’ ಅನ್ನುವುದೇ ನನ್ನ ಕೆಲಸ. ಒಮ್ಮೆ ಮೀನು ಮಾರುವ ಹೆಂಗಸೊಬ್ಬರು ಬಂದಿದ್ದರು. ಖಾಲಿ ಬುಟ್ಟಿಯನ್ನು ಬಾಗಿಲ ಹೊರಗೆ ಮಗುಚಿ ಇಟ್ಟು, ಕೈ ತೊಳೆದುಕೊಂಡು ಒಳಗೆ ಬಂದರು. ಆಗ ಈಗಿನ ನಳಿಗೆ ಇರಲಿಲ್ಲ, ಕೆರೆಯುವ ಕಬ್ಬಿಣ. ಅವರು ಒಂದು ಶಬ್ದ ಮಾಡಲಿಲ್ಲ. ‘ನೋಡಿ, ಪೇಶಂಟ್ ಅಂದರೆ ಹೀಗಿರಬೇಕು’ ಅಂತ ನಾನು ಜೋರಾಗಿ ಹೇಳಿದೆ, ಹೊರಗೆ ಕೂತವರಿಗೂ ಕೇಳಲಿ ಅಂತ. ಅವರು ಮಂಚ ಇಳಿದು ಸೀರೆ ಸರಿ ಮಾಡಿಕೊಳ್ಳುವಾಗ ಕಂಡಿತು: ಸೆರಗಿನ ತುದಿ ಮುದ್ದೆಯಾಗಿ ಒದ್ದೆಯಾಗಿತ್ತು, ಎರಡು ಕಡೆ ಹಲ್ಲು ಕಚ್ಚಿ ನೂಲು ಹರಿದಿತ್ತು.

ಮಂಚದಿಂದ ನಾಲ್ಕು ಹೆಜ್ಜೆಯಲ್ಲಿ ಗಾಜಿನ ಕಪಾಟು. ಅದರೊಳಗೆ ಲಿಗ್ನೋಕೇನ್ ಬಾಟಲಿ. ಹೊಲಿಗೆ ಹಾಕುವ ಮೊದಲು ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ. ನಿಮ್ಮ ಯಜಮಾನರ ಕಾಲಿಗೂ ಆರು ಹೊಲಿಗೆಗೆ ಮೊದಲು ಅದನ್ನೇ ಕೊಟ್ಟಿರುತ್ತಾರೆ, ನೆನಪು ಮಾಡಿಕೊಳ್ಳಿ. ಅವರಿಗೆ ಯಾರೂ ‘ತಡ್ಕೊಳ್ಳಿ’ ಅಂದಿರಲಿಕ್ಕಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರ ಅಂದುಕೊಳ್ಳಬೇಡಿ. 2024ರಲ್ಲಿ ಅಮೆರಿಕ ಸರಕಾರದ ಆರೋಗ್ಯ ಸಂಸ್ಥೆ ಸಿ.ಡಿ.ಸಿ., ಕಾಪರ್-ಟಿ ತರಹದ್ದನ್ನು ಗರ್ಭಕೋಶದೊಳಗೆ ಹಾಕುವ ಮೊದಲು ಪ್ರತಿ ಹೆಂಗಸಿನ ಜತೆ ನೋವಿನ ಬಗ್ಗೆ ಮಾತಾಡಿ ಅಂತ ಡಾಕ್ಟರುಗಳಿಗೆ ಹೇಳಿತು. ಅದೇ ವರ್ಷ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಹಿಸ್ಟರೋಸ್ಕೋಪಿಯ ಮಾರ್ಗಸೂಚಿಯನ್ನು ಹೊಸದು ಮಾಡಿತು: ಎಚ್ಚರದಲ್ಲೇ ಮಾಡಿಸಿಕೊಳ್ಳುವುದೋ, ಮತ್ತು ಬರುವ ಔಷಧಿ ತಗೊಂಡು ಮಾಡಿಸಿಕೊಳ್ಳುವುದೋ ಅಂತ ಆರಿಸಿಕೊಳ್ಳುವ ಅವಕಾಶ ಕೊಡಬೇಕು, ನಿಲ್ಲಿಸಿ ಅಂದರೆ ನಿಲ್ಲಿಸಬೇಕು ಅಂತ. 2025ರ ಮೇ ತಿಂಗಳಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞರ ಸಂಸ್ಥೆಯೂ ಇಂಥ ಪರೀಕ್ಷೆಗಳ ನೋವಿನ ಬಗ್ಗೆ ಸಲಹೆ ಹೊರಡಿಸಿತು. ಹೆಂಗಸರ ನೋವನ್ನು ಡಾಕ್ಟರುಗಳು ಕಡಿಮೆ ಅಂದಾಜು ಮಾಡುತ್ತಾರೆ ಅಂತ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಸೆರಗು ಕಚ್ಚಿದವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಸರಿ, ಏನೇನು ಕೊಡಬಹುದು? ಮೊದಲನೇದು ಗುಳಿಗೆ. ಐಬುಪ್ರೊಫೆನ್ ಅಥವಾ ಮೆಫೆನಮಿಕ್ ಆ್ಯಸಿಡ್ ತರಹದ್ದು, ಸುಮಾರು ಒಂದು ಗಂಟೆ ಮೊದಲು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದರೆ, ರಕ್ತ ತೆಳುವಾಗುವ ಗುಳಿಗೆ ತಿನ್ನುತ್ತಿದ್ದರೆ ಕೇಳದೆ ತಗೊಳ್ಳಬೇಡಿ. ಗುಳಿಗೆ ಆಮೇಲಿನ ಹೊಟ್ಟೆಕಿವುಚುವಿಕೆಗೆ ಚೆನ್ನಾಗಿ ಹಿಡಿಯುತ್ತದೆ, ನಿಮ್ಮಂಥ ಬಿಗಿ ಬಾಯಿಗೆ ಅದೊಂದೇ ಸಾಲದು. ಎರಡನೇದು ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್. ಅದನ್ನು ಕೊಡುವಾಗಲೂ ಚುಚ್ಚುತ್ತದೆ, ಕೆಲವರಿಗೆ ಎದೆ ಡವಡವ ಅನ್ನಬಹುದು ಅಥವಾ ಕಿವಿ ಗುಂಯ್ ಅನ್ನಬಹುದು. ಕೊಟ್ಟ ತಕ್ಷಣ ಶುರು ಮಾಡಬಾರದು, ಹಿಡಿಯಲು ಕೆಲವು ನಿಮಿಷ ಬಿಡಬೇಕು. ಗಡಿಬಿಡಿಯಲ್ಲಿ ಇದನ್ನೇ ಮರೆಯುತ್ತಾರೆ! ಇನ್ನೊಂದು ಮಾತು, ಗರ್ಭಕೋಶದ ಮೇಲ್ಭಾಗದ ನರಗಳೇ ಬೇರೆ. ಹಾಗಾಗಿ ಬಾಯಿ ಮರಗಟ್ಟಿದರೂ ಒಳಗೆ ಚೂರು ತೆಗೆಯುವಾಗ ಮುಟ್ಟಿನ ನೋವಿನ ಹಾಗೆ ಒಮ್ಮೆ ಕಿವುಚಬಹುದು. ಇದನ್ನು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಸಪೂರ ಕ್ಯಾಮೆರಾ ಇದೆಯಾ ಅಂತಲೂ ಕೇಳಬಹುದು. ಅಗಲಿಸುವ ಆ ತಣ್ಣನೆಯ ಉಪಕರಣ ಹಾಕದೆ, ನೇರ ಕ್ಯಾಮೆರಾವನ್ನೇ ನಿಧಾನವಾಗಿ ಒಳಗೆ ಬಿಡುವ ಪದ್ಧತಿ ಇದೆ, ಅದರಲ್ಲಿ ನೋವು ಕಡಿಮೆ. ಎಲ್ಲ ಕಡೆ ಮಾಡುವುದಿಲ್ಲ.

ಕೊನೆಯದು ಮತ್ತು ಬರಿಸುವುದು. ನಿಮ್ಮ ವಿಷಯದಲ್ಲಿ ನನ್ನ ಮನಸ್ಸು ವಾಲುವುದು ಇದಕ್ಕೇ. ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು ಅರೆನಿದ್ದೆ ಮಾಡಿಸಬಹುದು, ಪೂರ್ತಿ ಪ್ರಜ್ಞೆ ತಪ್ಪಿಸಲೂಬಹುದು. ಇದಕ್ಕೆ ಅರಿವಳಿಕೆ ಡಾಕ್ಟರು ಬೇಕು. ಸಣ್ಣ ಊರುಗಳಲ್ಲಿ ಅವರು ಆಪರೇಷನ್ ಇದ್ದ ದಿನ ಮಾತ್ರ ಬರುತ್ತಾರೆ, ಆದ್ದರಿಂದ ನಿಮ್ಮ ತಾರೀಕು ಅವರು ಬರುವ ದಿನಕ್ಕೆ ಸಿಗಬೇಕು. ಶಿರಸಿಯಲ್ಲಿ ಆಗದಿದ್ದರೆ ಹುಬ್ಬಳ್ಳಿ. ಮೊದಲು ರಕ್ತ ಪರೀಕ್ಷೆ, ಇ.ಸಿ.ಜಿ. ಮಾಡುತ್ತಾರೆ. 6 ಗಂಟೆ ಮೊದಲಿನಿಂದ ಏನೂ ತಿನ್ನುವ ಹಾಗಿಲ್ಲ, ಬರೀ ನೀರು 2 ಗಂಟೆ ಮೊದಲಿನವರೆಗೆ ನಡೆಯುತ್ತದೆ. ಹಾಲು ಹಾಕಿದ ಚಾ ತಿಂಡಿಯ ಲೆಕ್ಕಕ್ಕೇ ಬರುತ್ತದೆ. ನಿಮ್ಮ ಕಡೆಯ ಹಾಲು ಹಾಕಿದ ಕಷಾಯವೂ ಅಷ್ಟೇ, ‘ಬರೀ ಕಷಾಯ ಅಲ್ವಾ’ ಅಂತ ಕುಡಿದು ಬಂದು ವಾಪಸ್ ಹೋದವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಅದೇ ದಿನ ಸಂಜೆ ಬಿಡುತ್ತಾರೆ. ಆದರೆ ಹುಬ್ಬಳ್ಳಿಯಾದರೆ ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ, ಔಷಧಿಯ ಮತ್ತು ಇಳಿಯುವ ಹೊತ್ತಿಗೆ ಕಾರಿನಲ್ಲಿ ಕುಲುಕಾಡುತ್ತಾ ಬರುವುದು ಬೇಡ.

‘ಪ್ರಜ್ಞೆ ತಪ್ಪಿಸಿ ಗರ್ಭಕೋಶವನ್ನೇ ತೆಗೆದುಬಿಟ್ಟರೆ?’ ಅಂತ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ನಗುವ ಹೆದರಿಕೆ ಅಲ್ಲ ಅದು. ದೆಹಲಿಯಲ್ಲಿ ಸಮೀರಾ ಕೊಹ್ಲಿ ಅನ್ನುವವರಿಗೆ ಹಾಗೇ ಆಗಿತ್ತು, ಪರೀಕ್ಷೆಗೆ ಅಂತ ಮಲಗಿದ್ದರು, ಅವರ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ ತೆಗೆದಿದ್ದರು. 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ತೆಗೆಯಲು ಕೊಟ್ಟ ಒಪ್ಪಿಗೆ ಅಲ್ಲ, ಬುದ್ಧಿ ಸ್ಥಿಮಿತ ಇರುವ ವಯಸ್ಕರ ಬದಲು ಇನ್ನೊಬ್ಬರು ಒಪ್ಪಿದರೆ ಆಗುವುದಿಲ್ಲ, ಜೀವಕ್ಕೇ ಅಪಾಯ ಬಂದು ತಡ ಮಾಡಲಾಗದಾಗ ಮಾತು ಬೇರೆ. ಹಾಗಾಗಿ ಫಾರಂ ನೀವೇ ಓದಿ, ಯಾವುದಕ್ಕೆ ಒಪ್ಪಿಗೆ ಅಂತ ನೋಡಿ, ಸಹಿ ನೀವೇ ಹಾಕಿ. ಖಾಲಿ ಜಾಗ ಇದ್ದರೆ ಗೆರೆ ಎಳೆಯಿರಿ. ಯಜಮಾನರ ಸಹಿ ಬ್ಯಾಂಕಿನಲ್ಲಿ ನಡೆಯಲಿ.

ಇನ್ನು ಕೊನೆಕೊಯ್ಲಿನ ಮಾತು. ಮುಟ್ಟು ನಿಂತ ಮೇಲೆ ರಕ್ತ ಕಂಡ ಹೆಂಗಸರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಒಣಗಿದ್ದಕ್ಕೋ ಒಳಗೊಂದು ಚಿಕ್ಕ ಗಡ್ಡೆ ಬೆಳೆದದ್ದಕ್ಕೋ ರಕ್ತ ಬಂದಿರುತ್ತದೆ. ಆ ಉಳಿದ ಒಬ್ಬರು ನೀವಾ ಅಂತ ನೋಡಲಿಕ್ಕೇ ಈ ಪರೀಕ್ಷೆ. ರಕ್ತ ಕಂಡವರಲ್ಲಿ ಒಳಪದರ 4 ಮಿಲಿಮೀಟರ್ ದಾಟಿದರೆ ನೋಡಲೇಬೇಕು ಅನ್ನುತ್ತಾರೆ, ನಿಮ್ಮದು 9. ಬೇಗ ಸಿಕ್ಕಿದರೆ ಈ ಕಾಯಿಲೆ ಚೆನ್ನಾಗಿ ವಾಸಿಯಾಗುತ್ತದೆ. ಕೊನೆಗೌಡ ಮರ ಹತ್ತಲು ನಿಮ್ಮ ಗರ್ಭಕೋಶದ ಅಪ್ಪಣೆ ಬೇಕಾಗಿಲ್ಲ. ಆಳುಗಳ ಅಡುಗೆಗೆ ಎರಡು ದಿನ ಯಾರಾದರೂ ಸಿಗುತ್ತಾರೆ. ನಾಲ್ಕು ಹೆತ್ತ ಅತ್ತಿಗೆ ಇದ್ದಾರಲ್ಲ.

ಧೈರ್ಯ ತಂದುಕೊಳ್ಳುವುದು ಹೇಗೆ ಅಂತ ಕೇಳಿದಿರಿ. ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಒಂದೇ ಒಂದು ಕೆಲಸ ಮಾಡಿ. ‘ಸಹಕರಿಸಲಿಲ್ಲ’ ಅಂತ ಬರೆದ ಆ ಚೀಟಿ ತೆಗೆಯಿರಿ. ಅದರ ಕೆಳಗೇ ನಿಮ್ಮ ಕೈಯಾರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: ‘ಎರಡೂ ಸಿಸೇರಿಯನ್. ಮುಟ್ಟು ನಿಂತು ಮೂರು ವರ್ಷ. ಹೋದ ಸಲ ನೋವಿಗೆ ಏನೂ ಕೊಟ್ಟಿರಲಿಲ್ಲ, ತಲೆ ತಿರುಗಿತು. ಈ ಸಲ ಏನು ಕೊಡುತ್ತೀರಿ?’ ಸೋಮವಾರ ಬೆಳಿಗ್ಗೆ ಯಜಮಾನರ ಕಾರು ಹತ್ತಿ ಹೋಗಿ ಅದನ್ನು ಡಾಕ್ಟರ ಮೇಜಿನ ಮೇಲೆ ಇಡಿ. ಬಾಯಿ ಬಿಡುವುದೂ ಬೇಡ. ಉತ್ತರ ಬರುವವರೆಗೆ ಮಂಚ ಹತ್ತಬೇಡಿ, ಕುರ್ಚಿಯಲ್ಲೇ ಕೂತಿರಿ. ‘ಅದೆಲ್ಲ ಏನೂ ಬೇಡ, ಸ್ವಲ್ಪ ನೋವು ಅಷ್ಟೇ’ ಅಂದರೆ ಚೀಟಿ, ಸ್ಕ್ಯಾನಿಂಗ್ ರಿಪೋರ್ಟು ಎರಡನ್ನೂ ಕೇಳಿ ತಗೊಂಡು ಹುಬ್ಬಳ್ಳಿಗೆ ಹೊರಡಿ, ಅದೇ ವಾರ.

ತಾರೀಕು ಸಿಕ್ಕಿದ ಮೇಲೆ ನನಗೊಂದು ಕಾರ್ಡು ಹಾಕಿ. ಅತ್ತಿಗೆಗೆ ಹೇಳಬೇಡಿ.