ಬಯೋಮೆಡಿಕಲ್ ಎಂಜಿನಿಯರಿಂಗಾ, ಪ್ರೀ-ಮೆಡ್ಡಾ?

ಮಗಳು ನ್ಯೂಜೆರ್ಸಿಯಲ್ಲಿ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಾಳೆ, ಕಾಲೇಜಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ತಗೊಳ್ಳಲಾ, ಪ್ರೀ-ಮೆಡ್ (ಮೆಡಿಕಲ್ ಸ್ಕೂಲಿಗೆ ತಯಾರಾಗುವ ಓದು) ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ಅಮೆರಿಕದಲ್ಲೇ ಬಯೋಮೆಡಿಕಲ್ ಓದಿ, ಈಗ ಮಿನಿಯಾಪೊಲಿಸ್ ಹತ್ತಿರ ಹೃದಯಕ್ಕೆ ಬಳಸುವ ಉಪಕರಣಗಳ ಕೆಲಸ ಮಾಡುತ್ತಿದ್ದೇನೆ. ಜೊತೆಗೆ ಓದಿದವರಲ್ಲಿ ಕೆಲವರು ಡಾಕ್ಟರಾದರು.

ಪ್ರೀ-ಮೆಡ್ ಅನ್ನೋದು ಇಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ಮೇಜರ್ರೇ (ಡಿಗ್ರಿಯ ಮುಖ್ಯ ವಿಷಯವೇ) ಅಲ್ಲ. ಊರಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು ಸೀದಾ ಎಂಬಿಬಿಎಸ್ ಸೇರುವ ಹಾಗೆ ಇಲ್ಲಿಲ್ಲ. ನಾಲ್ಕು ವರ್ಷ ಏನು ಬೇಕಾದರೂ ಓದಬಹುದು. ಅದರ ಜೊತೆ ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ ಮುಗಿಸಿ, ಮೆಡಿಕಲ್ ಸ್ಕೂಲ್ ಸೇರೋಕೆ ಎಂಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಹಾಗಾಗಿ ಬಯೋಮೆಡಿಕಲ್ ಓದಿಯೂ ಮೆಡಿಕಲ್‌ಗೆ ಖಂಡಿತ ಹೋಗಬಹುದು.

ಕಷ್ಟ ಇರೋದು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಉಳಿಸಿಕೊಳ್ಳೋದರಲ್ಲಿ. ಮೂರನೇ ವರ್ಷದಲ್ಲಿ ಬೆಳಗ್ಗೆ ಸರ್ಕ್ಯೂಟ್ಸ್ ಕ್ಲಾಸು, ಮಧ್ಯಾಹ್ನವಿಡೀ ಆರ್ಗ್ಯಾನಿಕ್ ಲ್ಯಾಬು, ರಾತ್ರಿ ಮ್ಯಾಟ್‌ಲ್ಯಾಬ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಹೋಮ್‌ವರ್ಕು. ಮೆಡಿಕಲ್‌ಗೆ ಹೊರಟವರು ಇದರ ನಡುವೆಯೇ ಆಸ್ಪತ್ರೆಯಲ್ಲಿ ವಾಲಂಟಿಯರ್ ಮಾಡಬೇಕು. ಎಂಜಿನಿಯರಿಂಗ್ ಕಷ್ಟ ಅಲ್ವಾ, ಸ್ವಲ್ಪ ಕಮ್ಮಿ ಗ್ರೇಡ್ ಬಂದರೂ ನಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು ವಿಷಯ: ಮೆಡಿಕಲ್ ಅರ್ಜಿಯಲ್ಲಿ ಸೈನ್ಸ್ ಜಿಪಿಎ ಅಂತ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಮಾತ್ರ ಅದಕ್ಕೆ ಸೇರುತ್ತವೆ. ಎಂಜಿನಿಯರಿಂಗ್ ಕೋರ್ಸುಗಳಲ್ಲಿ ತೆಗೆದ ಒಳ್ಳೇ ಗ್ರೇಡು ಸಾಮಾನ್ಯವಾಗಿ ಅಲ್ಲಿ ಲೆಕ್ಕಕ್ಕೆ ಬರಲ್ಲ, ಒಟ್ಟು ಜಿಪಿಎಗೆ ಮಾತ್ರ ಬರುತ್ತೆ.

ಎಂಜಿನಿಯರ್ ಕೆಲಸ ಹೇಗಿರುತ್ತೆ ಅಂತಲೂ ಅವಳಿಗೆ ಗೊತ್ತಿರಲಿ. ಕ್ಯಾಥೆಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ತುದಿಯನ್ನು ಮೆಷಿನ್‌ಗೆ ಕಚ್ಚಿಸಿ ಸಾವಿರಾರು ಸಲ ಬಗ್ಗಿಸುತ್ತೇವೆ. ಆಮೇಲೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ಮೈಕ್ರೋಸ್ಕೋಪ್‌ನಲ್ಲಿ ಹುಡುಕುತ್ತೇವೆ. ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ತೋರಿಸಬೇಕಾದ ದಾಖಲೆ ಬರೆಯೋದರಲ್ಲೇ ಎಷ್ಟೋ ವಾರ ಹೋಗುತ್ತೆ. ನನಗೆ ಇದು ತುಂಬಾ ಇಷ್ಟ. ಆದರೆ ರೋಗಿಯ ಮುಖ ನೋಡೋದು ಅಪರೂಪ. ಅವಳಿಗೆ ಬೇಕಿರೋದು ರೋಗಿಯ ಪಕ್ಕದಲ್ಲಿ ಕೂತು ಮಾತಾಡುವ ಕೆಲಸವಾದರೆ, ಮೆಡಿಕಲ್ ಸಿಗದಿದ್ದರೆ ಇರಲಿ ಅಂತ ಸುಮ್ನೆ ಬಯೋಮೆಡಿಕಲ್ ತಗೊಳ್ಳೋದು ಬೇಡ. ಬಯಾಲಜಿ ತಗೊಳ್ಳಲಿ. ಗಣಿತ, ಫಿಸಿಕ್ಸ್ ಖುಷಿಯಿಂದ ಮಾಡುವ ಹುಡುಗಿಯಾದರೆ ಎಂಜಿನಿಯರಿಂಗ್‌ನಲ್ಲೇ ಶುರು ಮಾಡಲಿ. ಮೊದಲ ವರ್ಷ ಆದಮೇಲೆ ಅಲ್ಲಿಂದ ಬಯಾಲಜಿಗೆ ಬರೋದು ಸುಲಭ, ಬಯಾಲಜಿಯಿಂದ ಅಲ್ಲಿಗೆ ಹೋಗೋದು ಕಷ್ಟ.

ಅವಳ ವೀಸಾ ವಿಷಯ ನೀವು ಬರೆದಿಲ್ಲ. ಎಚ್-4ನಲ್ಲಿದ್ದರೆ (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾ) 21 ವರ್ಷ ತುಂಬಿದ ಮೇಲೆ ಅದು ನಡೆಯಲ್ಲ, ವಿದ್ಯಾರ್ಥಿ ವೀಸಾ ಎಫ್-1 ತಗೋಬೇಕಾಗುತ್ತೆ. ಎಫ್-1 ವಿದ್ಯಾರ್ಥಿಗಳನ್ನು ಇಲ್ಲಿನ ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳು ಸೇರಿಸಿಕೊಳ್ಳೋದಿಲ್ಲ. ಸೇರಿಸಿಕೊಳ್ಳುವ ಕಡೆ ಸೀಟಿಗೆ ಪೈಪೋಟಿ ಜಾಸ್ತಿ, ಸಾಲ ಸಿಗೋದೂ ಕಷ್ಟ. ಗ್ರೀನ್ ಕಾರ್ಡ್ ಸದ್ಯಕ್ಕೆ ಬರೋ ಹಾಗಿಲ್ಲ ಅಂದರೆ, ಮೇಜರ್ ಆರಿಸುವ ಮೊದಲೇ ಅವಳ ಜೊತೆ ಕೂತು ಇದನ್ನು ಬಿಡಿಸಿ ಮಾತಾಡಿ.